ತಡೆಯಿಲ್ಲದ ನಾದವನ್ನು ಅರಸಿದವನು: ಪೀಟರ್ ಗೋಲ್ಡ್‌ಮಾರ್ಕ್

ಗಮಕಿಯೊಬ್ಬರು ಕುಮಾರವ್ಯಾಸ ಭಾರತದ ಕರ್ಣಭೇದನ ಪ್ರಸಂಗವನ್ನು ವಾಚಿಸುತ್ತಿದ್ದಾರೆಂದು ಭಾವಿಸೋಣ. ಕೃಷ್ಣನು ಕರ್ಣನನ್ನು ರಥದಲ್ಲಿ ಬಳಿಗೆ ಕುಳ್ಳಿರಿಸಿಕೊಂಡು ಅವನ ಜನ್ಮರಹಸ್ಯವನ್ನು ತಿಳಿಸುವ ಗಳಿಗೆ. ಸಭೆಯೆಲ್ಲ ಉಸಿರು ಬಿಗಿಹಿಡಿದು ಕುಳಿತಿದೆ. ಆಗ ಯಾರೋ ಎದ್ದು ಬಂದು ವಾಚನವನ್ನು ನಿಲ್ಲಿಸಿ, ಅರ್ಧ ನಿಮಿಷ ಕಳೆದ ಮೇಲೆ ಇನ್ನು ಮುಂದುವರಿಸಬಹುದು ಎನ್ನುತ್ತಾರೆ. ನಾಲ್ಕು ನಿಮಿಷಕ್ಕೊಮ್ಮೆ ಇದೇ ಕ್ರಮ ನಡೆಯುತ್ತದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತಹ ಈ ಅವಸ್ಥೆಯನ್ನು ಯಾವ ರಸಿಕನು ತಾನೆ ಸಹಿಸಿಯಾನು? ಆದರೆ ಗ್ರಾಮಫೋನು ಹುಟ್ಟಿದಂದಿನಿಂದ ಸುಮಾರು ಅರ್ಧ ಶತಮಾನದವರೆಗೆ ಜಗತ್ತಿನ ಸಂಗೀತಪ್ರಿಯರೆಲ್ಲರೂ ಇದನ್ನು ಸಹಿಸಿಕೊಂಡೇ ಬಂದರು.

ಅಂದಿನ ಗ್ರಾಮಫೋನು ತಟ್ಟೆಯನ್ನು ಅರಗಿನಿಂದ ಮಾಡುತ್ತಿದ್ದರು. ಆ ಅರಗಿನ ಬಹುಭಾಗ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ ಹಾಡಿದರೆ ಹನ್ನೆರಡು ಅಂಗುಲದ್ದು ನಾಲ್ಕೈದು ನಿಮಿಷ ಹಾಡುತ್ತಿತ್ತು. ಆಮೇಲೆ ತಟ್ಟೆಯನ್ನು ಮಗುಚಬೇಕು, ಮುಳ್ಳನ್ನು ಬದಲಾಯಿಸಬೇಕು, ಕೀಲಿ ಕೊಡಬೇಕು. ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಗ್ರಾಮಫೋನುಗಳು ಆ ಕಾಲದಲ್ಲಿಯೂ ಇದ್ದವು. ಮೊದಲನೆಯ ಮಹಾಯುದ್ಧದ ಸೈನಿಕರು ಕಂದಕಗಳೊಳಗೂ ಅಂತಹ ಪೆಟ್ಟಿಗೆಗಳನ್ನು ಇರಿಸಿಕೊಂಡಿದ್ದರು. ಆದರೆ ಪೆಟ್ಟಿಗೆಯನ್ನು ಎಲ್ಲಿಗೆ ಒಯ್ದರೂ ಅದರ ಹಾಡಿನ ಆಯುಷ್ಯ ಮಾತ್ರ ನಾಲ್ಕು ನಿಮಿಷವೇ. ಈ ತಡೆಯನ್ನು ಕಂಡು ಕೆರಳಿದವನು ಪೀಟರ್ ಕಾರ್ಲ್ ಗೋಲ್ಡ್‌ಮಾರ್ಕ್. ಮೊದಲು ಮನೆಯೊಳಗೆ, ಬಳಿಕ ಓಡುವ ಮೋಟಾರು ಕಾರಿನೊಳಗೆ ನಾದವು ಅಖಂಡವಾಗಿ ಹರಿಯಬೇಕೆಂದು ಹಟ ತೊಟ್ಟವನು ಆತ. ಅವನ ಗೆಲುವುಗಳಂತೆಯೇ ಸೋಲುಗಳೂ ಅರ್ಥಪೂರ್ಣವಾದವು. ಅವೆರಡನ್ನೂ ಒಟ್ಟಿಗೆ ನೋಡಿದಾಗಲೇ ಆ ಬಾಳಿನ ಸ್ವರೂಪ ನಮಗೆ ತಿಳಿಯುತ್ತದೆ.

ಗೋಲ್ಡ್‌ಮಾರ್ಕನು ಹುಟ್ಟಿದ್ದು 1906ರ ಡಿಸೆಂಬರ್ 2ರಂದು, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ಸಂಗೀತ, ವಿಜ್ಞಾನಗಳೆರಡೂ ಆ ಮನೆತನದಲ್ಲಿ ಬೇರು ಬಿಟ್ಟಿದ್ದವು. ಸಂಗೀತ ನಾಟಕಗಳಿಂದ ಯುರೋಪಿನಲ್ಲೆಲ್ಲ ಹೆಸರಾಗಿದ್ದ ವಾಗ್ಗೇಯಕಾರ ಕಾರ್ಲ್ ಗೋಲ್ಡ್‌ಮಾರ್ಕ್ ಇವನ ಅಜ್ಜನ ತಲೆಮಾರಿನ ಹಿರಿಯ. ಬಾಲಕ ಪೀಟರನು ಚೆಲ್ಲೋ ವಾದ್ಯವನ್ನು ಅಭ್ಯಾಸಮಾಡಿದನು. ಮನೆಯವರು ಗೆಳೆಯರು ಸೇರಿ ವಾದ್ಯಗೋಷ್ಠಿ ನಡೆಸುವುದು ಆ ನಾಡಿನ ಸುಸಂಸ್ಕೃತ ಕುಟುಂಬಗಳ ವಾಡಿಕೆ. ಮುಂದೆ ಆತನು ಎಷ್ಟೇ ಯಂತ್ರಗಳ ನಡುವೆ ಬದುಕಿದರೂ ಚೆಲ್ಲೋವನ್ನು ಬಿಡಲಿಲ್ಲ. ತಟ್ಟೆ ಮುಗಿದು ಸಂಗೀತ ನಿಂತಾಗ ಅವನಿಗಾದ ನೋವು ಇಂಜಿನಿಯರನ ನೋವಲ್ಲ, ವಾದಕನ ನೋವು ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಮೊದಲ ಮಹಾಯುದ್ಧ ಮುಗಿದು ಹಂಗೇರಿಯಲ್ಲಿ ಕ್ರಾಂತಿಯ ಕೋಲಾಹಲವೆದ್ದಾಗ ಕುಟುಂಬವು ವಿಯೆನ್ನಾಕ್ಕೆ ವಲಸೆ ಹೋಯಿತು. ಗೋಲ್ಡ್‌ಮಾರ್ಕನು ಅಲ್ಲಿಯೇ ಭೌತವಿಜ್ಞಾನವನ್ನು ವ್ಯಾಸಂಗಮಾಡಿ 1931ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದನು. ದೂರದ ದೃಶ್ಯವನ್ನು ತೆರೆಯ ಮೇಲೆ ಮೂಡಿಸುವ ಟೆಲಿವಿಷನ್ ಆಗಿನ್ನೂ ಪ್ರಯೋಗಶಾಲೆಯ ಕೂಸು. ಅದರ ಮೋಹಕ್ಕೆ ಸಿಕ್ಕಿದ ತರುಣನು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜಿನ ಪೈ ರೇಡಿಯೋ ಕಂಪೆನಿಯಲ್ಲಿ ಎರಡು ವರ್ಷ ದುಡಿದನು. 1933ರಲ್ಲಿ ಅಮೆರಿಕೆಯನ್ನು ಸೇರಿದನು. 1936ರಲ್ಲಿ ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್ ಎಂಬ ಪ್ರಸಾರ ಸಂಸ್ಥೆ, ಎಂದರೆ ಸಿ.ಬಿ.ಎಸ್., ಅವನನ್ನು ಟೆಲಿವಿಷನ್ ಕೆಲಸಕ್ಕೆ ನೇಮಿಸಿಕೊಂಡಿತು. ಮುಂದಿನ ಮೂವತ್ತೈದು ವರ್ಷ ಆತನು ಅದೇ ಸಂಸ್ಥೆಯ ಆಶ್ರಯದಲ್ಲಿದ್ದನು.

1940ರ ವಸಂತಕಾಲದಲ್ಲಿ ವರ್ಣಚಿತ್ರದಲ್ಲಿ ತಯಾರಾಗಿದ್ದ ಒಂದು ಪ್ರಸಿದ್ಧ ಸಿನಿಮಾವನ್ನು ನೋಡಿ ಬಂದ ಗೋಲ್ಡ್‌ಮಾರ್ಕನಿಗೆ ತನ್ನ ಪ್ರಯೋಗಶಾಲೆಯ ಕಪ್ಪುಬಿಳುಪಿನ ಟೆಲಿವಿಷನ್ ಸಪ್ಪೆಯೆನಿಸಿತು. ಕೆಲವೇ ತಿಂಗಳಲ್ಲಿ ಆತನು ಬಣ್ಣದ ಟೆಲಿವಿಷನ್ನನ್ನು ಸಿದ್ಧಪಡಿಸಿ ತೋರಿಸಿದನು. ಕೆಂಪು, ಹಸಿರು, ನೀಲಿ ಗಾಜುಗಳುಳ್ಳ ಒಂದು ಚಕ್ರ ಕ್ಯಾಮರಾದ ಮುಂದೆ ತಿರುಗುವುದು. ಅಂತಹದೇ ಚಕ್ರ ನೋಡುವವರ ತೆರೆಯ ಮುಂದೆಯೂ ಅದೇ ವೇಗದಲ್ಲಿ ತಿರುಗುವುದು. ಒಂದಾದ ಮೇಲೊಂದು ಬರುವ ಮೂರು ಬಣ್ಣದ ಚಿತ್ರಗಳನ್ನು ನಮ್ಮ ಕಣ್ಣು ಒಂದೆಂದು ಗ್ರಹಿಸುವುದು. ಯುಕ್ತಿ ಸರಳ, ಬಣ್ಣ ಸೊಗಸು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕೆಯನ್ನೂ ಸೆಳೆದುಕೊಂಡಿತು. ತಡೆಯೆಂದರೆ ಆಗದವನು ಆ ವರ್ಷಗಳಲ್ಲಿ ಶತ್ರುಗಳ ರಾಡಾರಿಗೆ ತಡೆಯೊಡ್ಡುವ ಉಪಕರಣಗಳನ್ನು ನಿರ್ಮಿಸುವ ಕೆಲಸದಲ್ಲಿ ತೊಡಗಬೇಕಾಯಿತು.

ಯುದ್ಧ ಮುಗಿದ 1945ರಲ್ಲಿ ಒಂದು ಸಂಜೆ ಗೆಳೆಯರ ಮನೆಯಲ್ಲಿ ಆತನು ಸಂಗೀತ ಕೇಳುತ್ತ ಕುಳಿತಿದ್ದನು. ಬ್ರಾಮ್ಸ್ ರಚಿಸಿದ ಎರಡನೆಯ ಪಿಯಾನೋ ಕಾನ್ಸರ್ಟೋ. ಪಿಯಾನೋ ನುಡಿಸಿದವನು ಹೊರೊವಿಟ್ಸ್, ವಾದ್ಯವೃಂದವನ್ನು ನಡೆಸಿದವನು ತೊಸ್ಕನೀನಿ. ಮುಕ್ಕಾಲು ಗಂಟೆಯ ಆ ಕೃತಿ ಹಲವು ತಟ್ಟೆಗಳಲ್ಲಿ ಹರಿದು ಹಂಚಿಹೋಗಿತ್ತು. ರಸ ಏರುತ್ತಿರುವಂತೆಯೇ ಮಗ್ಗುಲು ಮುಗಿಯುವುದು, ತಟ್ಟೆ ಬದಲಾಗುವುದು, ಮತ್ತೆ ಮೊದಲಾಗುವುದು. ಆತನಿಗೆ ತಾಳ್ಮೆ ತಪ್ಪಿತು. ತಟ್ಟೆಯನ್ನು ಕೈಗೆತ್ತಿಕೊಂಡು ಗೆರೆಗಳನ್ನು ಎಣಿಸತೊಡಗಿದನು. ಈ ಘಟನೆಯನ್ನು ಮುಂದೆ 1973ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿದ್ದಾನೆ.

ಲೆಕ್ಕ ಕಠಿಣವಾದುದಲ್ಲ. ತಟ್ಟೆಯನ್ನು ನಿಧಾನವಾಗಿ ತಿರುಗಿಸಿದರೆ ಹೆಚ್ಚು ಹೊತ್ತು ಹಾಡುತ್ತದೆ. ಗೆರೆಗಳನ್ನು ಒತ್ತೊತ್ತಾಗಿ ಕೊರೆದರೆ ಇನ್ನೂ ಹೆಚ್ಚು ಹೊತ್ತು ಹಾಡುತ್ತದೆ. ಹಳೆಯ ತಟ್ಟೆಯಲ್ಲಿ ಅಂಗುಲಕ್ಕೆ ಸುಮಾರು 80ರಿಂದ 100 ಗೆರೆಗಳಿದ್ದವು. ಹೊಸ ತಟ್ಟೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಗೆರೆಗಳನ್ನು ತುಂಬಿ, ಅದನ್ನು ನಿಮಿಷಕ್ಕೆ 33⅓ ಸುತ್ತಿನಂತೆ ತಿರುಗಿಸಬೇಕೆಂಬುದು ಯೋಜನೆ. ಕಠಿಣವಾದುದು ಇದರ ಫಲವಾಗಿ ಹುಟ್ಟುವ ತೊಡಕುಗಳನ್ನು ಬಿಡಿಸುವುದು. ಗೆರೆ ಕೂದಲಿನಂತೆ ಸಣ್ಣದಾದರೆ ಮುಳ್ಳೂ ಸಣ್ಣದಾಗಬೇಕು, ಮುಳ್ಳನ್ನು ಹೊತ್ತ ತೋಳು ಹಗುರವಾಗಬೇಕು, ಧ್ವನಿಯನ್ನು ಹಿಗ್ಗಿಸುವ ಯಂತ್ರ ಹೆಚ್ಚು ಸೂಕ್ಷ್ಮವಾಗಬೇಕು. ಅರಗಿನ ತಟ್ಟೆಯ ಒರಟು ಮೈಯಿಂದ ಏಳುವ ಕರಕರ ಸದ್ದಿನಲ್ಲಿ ಇಂತಹ ಸೂಕ್ಷ್ಮ ನಾದ ಮುಳುಗಿಯೇ ಹೋಗುವುದು. ಆದುದರಿಂದ ನುಣುಪಾದ, ಬಿದ್ದರೆ ಸುಲಭವಾಗಿ ಒಡೆಯದ ವಿನೈಲ್ ಬೇಕಾಯಿತು. ಒಂದನ್ನು ತಿದ್ದಿದರೆ ಉಳಿದೆಲ್ಲವನ್ನೂ ತಿದ್ದಲೇಬೇಕಾದ ಕೆಲಸವಿದು.

ಈ ಕೆಲಸ ಗೋಲ್ಡ್‌ಮಾರ್ಕನೊಬ್ಬನದೇ ಎಂದರೆ ಸತ್ಯಕ್ಕೆ ಅಪಚಾರವಾದೀತು. 33⅓ರ ವೇಗವು ಅವನ ಸೃಷ್ಟಿಯಲ್ಲ. 1926ರ ಸುಮಾರಿನ ಮಾತಿನ ಚಿತ್ರಗಳಲ್ಲಿಯೂ ಬಳಿಕ ರೇಡಿಯೋ ನಿಲಯಗಳಲ್ಲಿಯೂ ಅದು ಬಳಕೆಯಲ್ಲಿತ್ತು. 1931ರಲ್ಲಿ ಆರ್.ಸಿ.ಎ. ಕಂಪೆನಿ ಅದೇ ವೇಗದ ತಟ್ಟೆಗಳನ್ನು ಮಾರಲು ಹೊರಟು ಸೋತಿತ್ತು. ಸಿ.ಬಿ.ಎಸ್. ಒಡೆತನದ ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆಯಲ್ಲಿಯೂ ಯುದ್ಧಕ್ಕೆ ಮೊದಲೇ ಈ ಪ್ರಯತ್ನ ಮೊದಲಾಗಿ ನಿಂತಿತ್ತು. ಆ ಸಂಸ್ಥೆಯ ಮುಖ್ಯಸ್ಥ ಎಡ್ವರ್ಡ್ ವಾಲರ್‌ಸ್ಟೈನನು ಮುಂದಿನ ಕಾಲಕ್ಕೆ ಒದಗಲೆಂದು ಸಂಗೀತವನ್ನು ದೊಡ್ಡ ತಟ್ಟೆಗಳಲ್ಲಿ ಅಖಂಡವಾಗಿ ಮುದ್ರಿಸಿ ಕಾದಿರಿಸಿದ್ದನು. ಒಂದೊಂದು ಮಗ್ಗುಲೂ ಕನಿಷ್ಠ 17 ನಿಮಿಷವಾದರೂ ಹಾಡಲೇಬೇಕೆಂದು ಹಟ ಹಿಡಿದವನೂ ಅವನೇ. ಗೆರೆ ಕೊರೆಯುವ ವಿದ್ಯೆಯಲ್ಲಿ ವಿಲಿಯಂ ಬ್ಯಾಕ್‌ಮನ್ ಎಂಬ ಇಂಜಿನಿಯರನ ಪಾಲು ದೊಡ್ಡದು. ಲಾಂಗ್ ಪ್ಲೇ ತಟ್ಟೆಯ ಕೀರ್ತಿಯೆಲ್ಲ ಗೋಲ್ಡ್‌ಮಾರ್ಕನ ಹೆಸರಿಗೆ ಸಂದುದನ್ನು ವಾಲರ್‌ಸ್ಟೈನನು ಒಪ್ಪಲಿಲ್ಲ. ನಿಜವಾದ ಶ್ರೇಯಸ್ಸು ಬ್ಯಾಕ್‌ಮನ್ನನಿಗೆ ಸಲ್ಲಬೇಕೆಂಬುದು ಅವನ ವಾದ. ಗೋಲ್ಡ್‌ಮಾರ್ಕನಾದರೋ ಮಾತುಗಾರ, ಅಭಿಮಾನಿ, ತನ್ನ ಕೆಲಸವನ್ನು ಲೋಕಕ್ಕೆ ತೋರಿಸಬಲ್ಲ ಚತುರ. ಲೋಕವು ಒಂದು ಯಂತ್ರಕ್ಕೆ ಒಬ್ಬನೇ ತಂದೆಯನ್ನು ಹುಡುಕುತ್ತದೆ. ಹಲವರು ದುಡಿದ ಕಡೆ ಎದ್ದು ಕಾಣುವವನೇ ತಂದೆಯೆನಿಸುತ್ತಾನೆ. ಆದರೂ ನಿಂತುಹೋಗಿದ್ದ ಕೆಲಸಕ್ಕೆ ಮತ್ತೆ ಜೀವ ಬರುವಂತೆ ದುಡಿದವರಲ್ಲಿ ಆತನು ಮುಂದಾಳುವೆಂಬುದನ್ನು ಅಲ್ಲಗಳೆಯಲಾಗದು.

1948ರ ಜೂನ್ 21ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಪತ್ರಿಕಾ ಪ್ರತಿನಿಧಿಗಳ ಮುಂದೆ ಎರಡು ರಾಶಿಗಳು ನಿಂತಿದ್ದವು. ಹಳೆಯ ತಟ್ಟೆಗಳ ರಾಶಿ ಸುಮಾರು ಎಂಟು ಅಡಿ ಎತ್ತರ. ಅದೇ ಸಂಗೀತವನ್ನೆಲ್ಲ ಅಡಗಿಸಿಕೊಂಡ ಹೊಸ ತಟ್ಟೆಗಳ ರಾಶಿ ಹದಿನೈದು ಅಂಗುಲವನ್ನು ಸ್ವಲ್ಪ ಮೀರಿತ್ತು, ಅಷ್ಟೆ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಒಂದು ಮಗ್ಗುಲು ತಡೆಯಿಲ್ಲದೆ ಹಾಡಿತು. ಕೊಲಂಬಿಯಾ ಈ ವಿದ್ಯೆಯನ್ನು ಬಚ್ಚಿಡದೆ ಇತರ ಕಂಪೆನಿಗಳಿಗೂ ನೀಡಲು ಮುಂದಾಯಿತು. ಮನೆಯಲ್ಲಿದ್ದ ರೇಡಿಯೋಕ್ಕೆ ಜೋಡಿಸಬಹುದಾದ ತಿರುಗುಯಂತ್ರವನ್ನು ಫಿಲ್ಕೋ ಕಂಪೆನಿ ಮೂವತ್ತು ಡಾಲರಿಗೆ ಐದು ಸೆಂಟು ಕಡಮೆಯಾಗಿ ಮಾರಿತು. ಎದುರಾಳಿ ಆರ್.ಸಿ.ಎ. 1949ರಲ್ಲಿ ನಿಮಿಷಕ್ಕೆ 45 ಸುತ್ತಿನ ಸಣ್ಣ ತಟ್ಟೆಯನ್ನು ಹೊರತಂದು ವೇಗಗಳ ಸಮರವನ್ನೇ ಹೂಡಿತು. ಕೊನೆಗೆ 1950ರಲ್ಲಿ ತಾನೂ ಲಾಂಗ್ ಪ್ಲೇ ತಟ್ಟೆಗಳನ್ನು ತಯಾರಿಸತೊಡಗಿತು. ಬಿಡಿ ಹಾಡಿಗೆ 45, ದೀರ್ಘ ಕೃತಿಗೆ 33⅓ ಎಂಬ ಒಪ್ಪಂದ ತಾನಾಗಿಯೇ ನೆಲೆಗೊಂಡಿತು.

ಭಾರತೀಯ ಸಂಗೀತಕ್ಕೆ ಇದರಿಂದ ಒದಗಿದ ಉಪಕಾರ ಸಾಮಾನ್ಯವಾದುದಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಮೊದಲಾದ ನಮ್ಮ ನಾಡಿನ ಗಾಯಕರು 1930ರ ದಶಕದಲ್ಲಿ ಗ್ರಾಮಫೋನಿಗೆ ಹಾಡಿದಾಗ ರಾಗದ ವಿಸ್ತಾರವನ್ನೆಲ್ಲ ಮೂರು ನಿಮಿಷದ ಸೆರೆಯಲ್ಲಿ ಕೂಡಿಸಬೇಕಿತ್ತು. ಆಲಾಪದ ಬಾಗಿಲು ತೆರೆಯುವಷ್ಟರಲ್ಲಿ ತಟ್ಟೆ ಮುಗಿಯುತ್ತಿತ್ತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನ ಲಾಂಗ್ ಪ್ಲೇ ತಟ್ಟೆಯಾಗಿ ಪಶ್ಚಿಮ ದೇಶಗಳಲ್ಲಿ ಪ್ರಕಟವಾಯಿತು. ಒಂದೊಂದು ಮಗ್ಗುಲಿಗೆ ಒಂದೊಂದೇ ರಾಗ. 1960ರ ದಶಕದಲ್ಲಿ ಭೀಮಸೇನ ಜೋಶಿಯವರ ಲಾಂಗ್ ಪ್ಲೇ ತಟ್ಟೆಗಳು ಬಂದಾಗ ವಿಲಂಬಿತ ಖ್ಯಾಲು ಎಂದರೇನೆಂಬುದು ಕಛೇರಿಗೆ ಹೋಗಲಾಗದ ಶ್ರೋತೃವಿಗೂ ತಿಳಿಯುವಂತಾಯಿತು. ಬ್ರಾಮ್ಸ್‌ಗಾಗಿ ಕೆರಳಿದವನ ಕೋಪದ ಫಲ ಹೀಗೆ ನಮ್ಮ ಪಾಲಿಗೂ ಬಂದಿತು.

ಗೆಲುವಿನ ಬೆನ್ನಿಗೇ ಸೋಲು ಕಾದಿತ್ತು. ಗೋಲ್ಡ್‌ಮಾರ್ಕನ ಬಣ್ಣದ ಟೆಲಿವಿಷನ್ನಿಗೆ 1950ರಲ್ಲಿ ಅಮೆರಿಕೆಯ ಸರಕಾರದ ಪ್ರಸಾರ ಆಯೋಗ ಮನ್ನಣೆ ನೀಡಿತು. ಆರ್.ಸಿ.ಎ. ನ್ಯಾಯಾಲಯದ ಮೆಟ್ಟಿಲೇರಿತು, ಸರ್ವೋಚ್ಚ ನ್ಯಾಯಾಲಯವು ಆಯೋಗದ ತೀರ್ಪನ್ನೇ ಎತ್ತಿಹಿಡಿಯಿತು. 1951ರ ಜೂನ್ 25ರಂದು ಬಣ್ಣದ ಪ್ರಸಾರ ವಿಧಿವತ್ತಾಗಿ ಆರಂಭವಾಯಿತು. ಆದರೆ ಅದನ್ನು ನೋಡುವವರೆಲ್ಲಿ? ಅಷ್ಟು ಹೊತ್ತಿಗೆ ಜನರ ಮನೆಗಳಲ್ಲಿ ಒಂದು ಕೋಟಿಗೂ ಹೆಚ್ಚು ಕಪ್ಪುಬಿಳುಪಿನ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಈ ಪ್ರಸಾರವು ಕಪ್ಪುಬಿಳುಪಾಗಿಯೂ ಕಾಣುತ್ತಿರಲಿಲ್ಲ. ಕೊರಿಯಾ ಯುದ್ಧದ ಕಾರಣದಿಂದ ಅದೇ ಅಕ್ಟೋಬರಿನಲ್ಲಿ ಬಣ್ಣದ ಪೆಟ್ಟಿಗೆಗಳ ತಯಾರಿಕೆಯನ್ನು ಸರಕಾರ ನಿಲ್ಲಿಸಿತು. 1953ರಲ್ಲಿ ಹಳೆಯ ಪೆಟ್ಟಿಗೆಗಳಿಗೂ ಹೊಂದುವ ಬೇರೊಂದು ಕ್ರಮ ಅಂಗೀಕೃತವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇಂತಹ ಪೆಟ್ಟು ತಿಂದವನು ಸುಮ್ಮನೆ ಕೂಡಬಹುದಿತ್ತು. ಗೋಲ್ಡ್‌ಮಾರ್ಕನ ಜಾಯಮಾನ ಅದಲ್ಲ. 1950ರ ದಶಕದ ಅಮೆರಿಕೆ ಮೋಟಾರು ಕಾರಿನ ಅಮೆರಿಕೆ. ಜನರು ದಿನದ ಗಂಟೆಗಟ್ಟಲೆ ಹೊತ್ತನ್ನು ರಸ್ತೆಯ ಮೇಲೆಯೇ ಕಳೆಯುತ್ತಿದ್ದರು. ಕಾರಿನಲ್ಲಿ ರೇಡಿಯೋ ಇದ್ದಿತಾದರೂ ಅದು ಕೊಟ್ಟುದನ್ನೇ ಕೇಳಬೇಕು, ನಡುನಡುವೆ ಜಾಹೀರಾತುಗಳನ್ನು ಸಹಿಸಬೇಕು. ಪ್ರಯಾಣಿಕನು ತನಗೆ ಬೇಕಾದುದನ್ನು ತಾನೇ ಆರಿಸಿ ಕೇಳುವಂತಾಗಬಾರದೇಕೆ? ಓಡುವ ಕಾರಿನಲ್ಲಿ ತಟ್ಟೆ ಹಾಡಬಾರದೇಕೆ?

ಇಲ್ಲಿನ ತೊಡಕುಗಳೇ ಬೇರೆ. ರಸ್ತೆಯ ಗುಂಡಿಗೆ ಕಾರು ಕುಲುಕಿದರೆ ಮುಳ್ಳು ಗೆರೆ ಬಿಟ್ಟು ಹಾರುತ್ತದೆ. ತಿರುವಿನಲ್ಲಿ ಕಾರು ವಾಲಿದರೆ ತೋಳು ಒಂದು ಮಗ್ಗುಲಿಗೆ ಸರಿಯುತ್ತದೆ. ಚಾಲಕನ ಕಣ್ಣು ರಸ್ತೆಯ ಮೇಲಿರಬೇಕಾದುದರಿಂದ ತಟ್ಟೆಯನ್ನು ಪದೇ ಪದೇ ಮಗುಚುವುದು ಸಲ್ಲದು. ಕಾರಿನ ಮುಂಭಾಗದ ಹಲಗೆಯ ಕೆಳಗೆ ಹನ್ನೆರಡು ಅಂಗುಲದ ತಟ್ಟೆಗೆ ಎಡೆಯೂ ಇಲ್ಲ. ಆದುದರಿಂದ ಆತನು ಏಳೇ ಅಂಗುಲದ ತಟ್ಟೆಯನ್ನು ತೆಗೆದುಕೊಂಡು ಅದರಲ್ಲಿ ಅಂಗುಲಕ್ಕೆ ಸುಮಾರು 550 ಗೆರೆಗಳನ್ನು ತುಂಬಿದನು. ವೇಗವನ್ನು ಅರ್ಧಕ್ಕಿಳಿಸಿ 16⅔ ಸುತ್ತು ಮಾಡಿದನು. ಅಂಗೈಗಿಂತ ಸ್ವಲ್ಪ ಅಗಲವಾದ ಆ ತಟ್ಟೆಯ ಒಂದು ಮಗ್ಗುಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಹಾಡುವುದು ಸಾಧ್ಯವಾಯಿತು. ಮುಳ್ಳಿನ ತೋಳನ್ನು ಎರಡೂ ತುದಿಗಳ ತೂಕ ಸಮವಾಗುವಂತೆ ನಿಲ್ಲಿಸಿ, ಯಂತ್ರವನ್ನೆಲ್ಲ ಕುಲುಕನ್ನು ಹೀರುವ ಆಧಾರಗಳ ಮೇಲೆ ಕೂರಿಸಿದನು.

ಕ್ರೈಸ್ಲರ್ ಕಂಪೆನಿ ಇದನ್ನು ಮೆಚ್ಚಿ ತನ್ನ 1956ರ ಮಾದರಿಯ ಕಾರುಗಳಲ್ಲಿ ಹೈವೇ ಹೈ-ಫೈ ಎಂಬ ಹೆಸರಿನಿಂದ ಅಳವಡಿಸಿತು. ಹಣ ತೆತ್ತು ಕೊಂಡವರಿಗೆ ಮೊದಲು ಆರು ತಟ್ಟೆಗಳು ಜೊತೆಯಾಗಿ ಬರುತ್ತಿದ್ದವು. ಹೆದ್ದಾರಿಯ ಮೇಲೆ ವೇಗವಾಗಿ ಸಾಗುವಾಗ ವಾದ್ಯವೃಂದವೊಂದು ಕಾರಿನೊಳಗೆ ಕುಳಿತು ನುಡಿಸಿದಂತಾಗುವುದು ಅಂದಿನವರಿಗೆ ಸೋಜಿಗವೇ ಸರಿ. ಆದರೆ ಸೋಜಿಗ ಬಹುದಿನ ನಿಲ್ಲಲಿಲ್ಲ. ಆ ತಟ್ಟೆಗಳನ್ನು ಒಂದು ಕಂಪೆನಿ ಮಾತ್ರ ಮಾಡುತ್ತಿತ್ತು. ಆಯ್ಕೆ ಕೆಲವು ಡಜನುಗಳನ್ನು ಮೀರಲಿಲ್ಲ. ಮನೆಯ ಲಾಂಗ್ ಪ್ಲೇ ತಟ್ಟೆ ಕಾರಿಗೆ ಬಾರದು, ಕಾರಿನ ತಟ್ಟೆಯನ್ನು ಮನೆಯ ಸಾಮಾನ್ಯ ಯಂತ್ರದಲ್ಲಿ ಹಾಡಿಸಲಾಗದು. ಮೇಲಾಗಿ ಯಂತ್ರಗಳು ಮೇಲಿಂದ ಮೇಲೆ ದುರಸ್ತಿಗೆ ಬಂದವು. ಕೆಲವೇ ವರ್ಷಗಳಲ್ಲಿ ಹೈವೇ ಹೈ-ಫೈ ಮರೆಗೆ ಸರಿಯಿತು. 1960ರಲ್ಲಿ ಅದೇ ಕ್ರೈಸ್ಲರ್ ತನ್ನ ಕಾರುಗಳಿಗೆ ಆರ್.ಸಿ.ಎ. ತಯಾರಿಸಿದ, ಸಾಮಾನ್ಯ 45ರ ತಟ್ಟೆಗಳನ್ನೇ ಹಾಡಿಸುವ ಯಂತ್ರವನ್ನು ತಂದಿತು, ಅದೂ ಬಾಳಲಿಲ್ಲ. 1965ರಲ್ಲಿ ಫೋರ್ಡ್ ಕಾರುಗಳಿಗೆ ಟೇಪಿನ ಪೆಟ್ಟಿಗೆ ಬಂದಿತು, ಆಮೇಲೆ ಕ್ಯಾಸೆಟ್ ಬಂದಿತು. ಟೇಪಿಗೆ ಗುಂಡಿಯ ಭಯವಿಲ್ಲ.

ಗೆದ್ದ ಲಾಂಗ್ ಪ್ಲೇ ತಟ್ಟೆಯನ್ನೂ ಸೋತ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ಜಾಣ್ಮೆಯಲ್ಲಿ ಮೂರೂ ಸಮಾನವೇ. ಬಹುಶಃ ಕಾರಿನ ತಟ್ಟೆಯೇ ಎಲ್ಲಕ್ಕಿಂತ ಜಾಣತನದ ರಚನೆ. ಆದರೆ ಲಾಂಗ್ ಪ್ಲೇ ತಟ್ಟೆಯ ಬೆನ್ನಿಗೆ ವಾಲರ್‌ಸ್ಟೈನನ ದೂರದೃಷ್ಟಿಯಿತ್ತು, ಬ್ಯಾಕ್‌ಮನ್ನನ ಕೈಚಳಕವಿತ್ತು, ಮನೆಯ ರೇಡಿಯೋಕ್ಕೆ ಹೊಂದುವ ಅಗ್ಗದ ಯಂತ್ರವಿತ್ತು, ಎದುರಾಳಿಗೂ ಪಾಲು ಕೊಡುವ ಉದಾರತೆಯಿತ್ತು. ಹತ್ತು ಕೈಗಳು ಎತ್ತಿದುದರಿಂದ ಅದು ಮೇಲೆದ್ದಿತು. ಬಣ್ಣದ ಚಕ್ರಕ್ಕೂ ಕಾರಿನ ತಟ್ಟೆಗೂ ಆ ನೆರವಿರಲಿಲ್ಲ. ಅವು ಜನರ ಮನೆಯಲ್ಲಿ ಆಗಲೇ ಇದ್ದುದರೊಡನೆ ಸಂಬಂಧ ಬೆಳೆಸಲಿಲ್ಲ. ತಡೆಯನ್ನು ತೆಗೆಯಬೇಕೆಂದು ಹೊರಟವನು ತನಗರಿವಿಲ್ಲದೆ ಬೇರೊಂದು ತಡೆಯನ್ನು ಕಟ್ಟಿದ್ದನು.

ಮುಂದೆಯೂ ಆತನ ಕೈಗಳು ಬಿಡುವಾಗಲಿಲ್ಲ. ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡಿನಲ್ಲಿದ್ದ ಸಿ.ಬಿ.ಎಸ್. ಪ್ರಯೋಗಶಾಲೆಗಳಿಗೆ ಆತನೇ ಅಧ್ಯಕ್ಷ. 1966ರಿಂದ ಚಂದ್ರನನ್ನು ಸುತ್ತಿ ಚಿತ್ರ ಕಳುಹಿಸಿದ ಲೂನಾರ್ ಆರ್ಬಿಟರ್ ನೌಕೆಗಳಲ್ಲಿ ಚಿತ್ರವನ್ನು ಗೆರೆಗೆರೆಯಾಗಿ ಓದುವ ನಳಿಕೆ ಆ ಪ್ರಯೋಗಶಾಲೆಯ ಕೊಡುಗೆ. ನೆಲದ ಮೇಲೆ ಸೋತ ಬಣ್ಣದ ಚಕ್ರಕ್ಕೂ ಅಂತರಿಕ್ಷದಲ್ಲಿ ಮರುಹುಟ್ಟು ದೊರೆಯಿತು. 1969ರಲ್ಲಿ ಅಪೊಲೊ 10 ನೌಕೆಯಿಂದ ಬಂದ ಬಣ್ಣದ ಚಿತ್ರಗಳು ಅದೇ ತತ್ತ್ವವನ್ನು ಅನುಸರಿಸಿದ್ದವು. ಆದರೆ ಸಿನಿಮಾವನ್ನು ಕಿರಿದಾದ ಫಿಲ್ಮಿನ ಸುರುಳಿಯಲ್ಲಿ ಅಡಗಿಸಿ ಮನೆಯ ಟೆಲಿವಿಷನ್ನಿನಲ್ಲಿ ನೋಡಿಸುವ ಅವನ ಕೊನೆಯ ದೊಡ್ಡ ಯೋಜನೆಯನ್ನು ಸಂಸ್ಥೆಯು 1971ರಲ್ಲಿ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಆತನೂ ನಿವೃತ್ತನಾದನು.

ನಿವೃತ್ತಿಯ ಬಳಿಕ ಅವನ ಮನಸ್ಸನ್ನು ಸೆಳೆದುದು ಹಳ್ಳಿ. ನಗರಗಳು ಉಸಿರುಗಟ್ಟುವಷ್ಟು ತುಂಬುತ್ತಿವೆ, ಹಳ್ಳಿಗಳು ಬರಿದಾಗುತ್ತಿವೆ. ತಂತಿ ರೇಡಿಯೋಗಳ ನೆರವಿನಿಂದ ಉದ್ಯೋಗ, ವಿದ್ಯೆ, ವೈದ್ಯಗಳನ್ನು ಜನರಿರುವಲ್ಲಿಗೇ ಒಯ್ದರೆ ಅವರು ಊರು ಬಿಡಬೇಕಾಗುವುದಿಲ್ಲ ಎಂದು ಆತನು ವಾದಿಸಿದನು. ನವಗ್ರಾಮೀಣ ಸಮಾಜವೆಂಬ ಹೆಸರಿನಲ್ಲಿ ಕನೆಕ್ಟಿಕಟ್ಟಿನ ವಿಂಡಮ್ ಪ್ರದೇಶದಲ್ಲಿ ಇದರ ಅಧ್ಯಯನವನ್ನೂ ನಡೆಸಿದನು. ಓಡುವವನಿಗೆ ಹಾಡನ್ನು ಒದಗಿಸಲು ಶ್ರಮಿಸಿದವನು ಮುಪ್ಪಿನಲ್ಲಿ ಓಡಬೇಕಾದ ಅಗತ್ಯವನ್ನೇ ತಗ್ಗಿಸಲು ಯೋಚಿಸಿದನು. ಮನೆಯಲ್ಲಿ ಕುಳಿತೇ ದೂರದ ಕಛೇರಿಯ ಕೆಲಸ ಮಾಡುವುದನ್ನು ಕಂಡಿರುವ ನಮಗೆ ಅದು ಹುಚ್ಚು ಕನಸೆಂದು ತೋರದು.

1977ರ ನವೆಂಬರ್ 22ರಂದು ಅಧ್ಯಕ್ಷ ಕಾರ್ಟರ್ ಅವನಿಗೆ ರಾಷ್ಟ್ರೀಯ ವಿಜ್ಞಾನ ಪದಕವನ್ನು ನೀಡಿ ಗೌರವಿಸಿದರು. ಹದಿನೈದೇ ದಿನ ಕಳೆದಿತ್ತು. ಡಿಸೆಂಬರ್ 7ರಂದು ನ್ಯೂಯಾರ್ಕಿನ ವೆಸ್ಟ್‌ಚೆಸ್ಟರ್ ಸೀಮೆಯ ಹೆದ್ದಾರಿಯಲ್ಲಿ ನಡೆದ ಮೋಟಾರು ಅಪಘಾತದಲ್ಲಿ ಗೋಲ್ಡ್‌ಮಾರ್ಕನು ಅಸುನೀಗಿದನು. ಆಗ ಅವನಿಗೆ ಎಪ್ಪತ್ತೊಂದು ವರ್ಷ.

ಆತನು ತೀರಿಕೊಂಡ ಎರಡೇ ವರ್ಷಕ್ಕೆ, 1979ರಲ್ಲಿ, ಜಪಾನಿನ ಸೋನಿ ಕಂಪೆನಿ ವಾಕ್‌ಮನ್ನನ್ನು ಹೊರತಂದಿತು. ನಡೆಯುವವನ ಕಿವಿಯಲ್ಲಿಯೂ ಅವನು ಆರಿಸಿದ ಸಂಗೀತ ಹರಿಯತೊಡಗಿತು. ಇಂದು ಜೇಬಿನೊಳಗಿನ ದೂರವಾಣಿ ದಿನವಿಡೀ ಹಾಡಬಲ್ಲದು. ಆದರೂ ತರುಣರು ಮತ್ತೆ ವಿನೈಲ್ ತಟ್ಟೆಗಳನ್ನೂ ಕೈಪೆಟ್ಟಿಗೆಯಂತಹ ರೆಕಾರ್ಡ್ ಪ್ಲೇಯರುಗಳನ್ನೂ ಕೊಳ್ಳುತ್ತಿದ್ದಾರೆ. ಹೈವೇ ಹೈ-ಫೈ ತಟ್ಟೆಗಳು ಸಂಗ್ರಾಹಕರ ಕಪಾಟು ಸೇರಿವೆ. ಲಾಂಗ್ ಪ್ಲೇ ತಟ್ಟೆಯ ನಡುವಣ ಚೀಟಿಯ ಮೇಲೆ ಹಾಡಿದವರ, ನುಡಿಸಿದವರ, ರಚಿಸಿದವರ ಹೆಸರುಗಳಿರುತ್ತವೆ. ಆ ರಾಗ ಕೊನೆಯವರೆಗೆ ನಿಲ್ಲದೆ ನಮ್ಮನ್ನು ತಲಪುವಂತೆ ಮಾಡಿದವರ ಹೆಸರಿಗೆ ಅಲ್ಲಿ ಎಡೆಯಿಲ್ಲ. ಭೀಮಸೇನರ ವಿಲಂಬಿತವನ್ನು ಇಪ್ಪತ್ತು ನಿಮಿಷ ಕೇಳಿ ಮುಗಿಸಿ, ಮುಳ್ಳನ್ನೆತ್ತಿ ತಟ್ಟೆಯನ್ನು ಮಗುಚುವ ಆ ಒಂದು ಬಿಡುವಿನಲ್ಲಿ ಗೋಲ್ಡ್‌ಮಾರ್ಕನನ್ನೂ ಅವನೊಡನೆ ದುಡಿದವರನ್ನೂ ನೆನೆಯುವುದು ರಸಿಕರ ಪಾಲಿನ ಋಣ.